ಹಕ್ಕಿಯ ಮೂರನೇ ಬೆರಳು

ಹಕ್ಕಿಗೆ ಮೂರು ಬೆರಳಿದ್ದವು.

ಲೆಸ್ಯಾ ಭೂತಗನ್ನಡಿ ಒರೆಸಿಕೊಂಡು ಮತ್ತೆ ಎಣಿಸಿದಳು. ಒಂದು, ಎರಡು, ಮೂರು. ಎಷ್ಟು ಗದರಿಸಿ ನೋಡಿದರೂ ಹಕ್ಕಿ ಒಂದು ಬೆರಳನ್ನೂ ಮಡಚಲಿಲ್ಲ.

ಇರಬೇಕಾದದ್ದು ಎರಡೇ.

ಅವಳ ಮುತ್ತಜ್ಜಿ ಯೆವ್ದೋಕಿಯಾ ಉಕ್ರೇನಿನ ಹಳ್ಳಿ ಬಿಟ್ಟು ಹಡಗು ಹತ್ತಿದಾಗ ಈ ವಸ್ತ್ರದ ಕಸೂತಿ ಅರ್ಧವಾಗಿತ್ತಂತೆ. ಉಳಿದರ್ಧ ಅಟ್ಲಾಂಟಿಕ್ ಮೇಲೆ ಮುಗಿಯಿತು. ಬಲತುದಿಯ ಕೊನೆಯ ಹಕ್ಕಿಯ ಕಾಲಿಗೆ ಬರುವಷ್ಟರಲ್ಲಿ ಕೆಂಪು ನೂಲು ಖಾಲಿ. ನಡುಸಮುದ್ರದಲ್ಲಿ ನೂಲಂಗಡಿ ಎಲ್ಲಿಂದ ಬರಬೇಕು. ಹಕ್ಕಿ ಎರಡೇ ಬೆರಳಲ್ಲಿ ಕುಂಟುತ್ತ ಕೆನಡಾಕ್ಕೆ ಇಳಿಯಿತು. ಆಮೇಲೆ ಮೂರು ತಲೆಮಾರಿನ ಮದುಮಕ್ಕಳು ಆ ವಸ್ತ್ರದ ಮೇಲೆ ನಿಂತು ಮದುವೆಯಾದರು.

ಈಗ ಅದು ಝೊರಿಯಾನಾ ಹಳೆಯೂರು ಮ್ಯೂಸಿಯಮ್ಮಿನ ಗಾಜಿನ ಪೆಟ್ಟಿಗೆಯಲ್ಲಿದೆ. ಕುಂಟ ಹಕ್ಕಿಯ ಮೂಲೆಯನ್ನು ಒಳಗೆ ಮಡಚಿಟ್ಟಿರುವುದರಿಂದ ಹೊರಗಿನಿಂದ ಯಾರಿಗೂ ಕಾಣುವುದಿಲ್ಲ. ವರ್ಷಕ್ಕೆರಡು ಸಲ ಬಿಚ್ಚಿ ದೂಳು ತೆಗೆಯುವವಳು ಲೆಸ್ಯಾ ಒಬ್ಬಳೇ. ಎರಡು ಬೆರಳಿನ ಗುಟ್ಟು ಗೊತ್ತಿದ್ದದ್ದೂ ಅವಳೊಬ್ಬಳಿಗೇ.

ಅಂದರೆ ನಕಲು ಮಾಡಿದವರಿಗೆ ಆ ಮೂಲೆ ಕಂಡಿರಲಿಲ್ಲ. ಎಡಗಡೆ ಹಕ್ಕಿಗೆ ಮೂರಿದೆ, ಬಲಗಡೆಯದಕ್ಕೂ ಮೂರಿರಲಿ ಎಂದು ಹೊಲಿದುಬಿಟ್ಟಿದ್ದಾರೆ. ಕಳ್ಳತನದಲ್ಲೂ ಅಚ್ಚುಕಟ್ಟು.

ಸಿನಿಮಾದಲ್ಲಾದರೆ ಇಲ್ಲೊಂದು ಸಿಡಿಲು ಹೊಡೆಯಬೇಕಿತ್ತು. ಇಲ್ಲಿ ನೊಣವೊಂದು ಹಾರಿ ಗಾಜಿನ ಮೇಲೆ ಕೂತಿತು.

ಬೀಗದ ಮೇಲೆ ಹೊಸ ಗೀರು ಕಂಡ ಮೂರು ದಿನದಿಂದ ಅವಳಿಗೆ ಅನುಮಾನವಿತ್ತು. ಈಗ ಅನುಮಾನಕ್ಕೆ ಬೆರಳು ಮೂಡಿತ್ತು.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಎಡ್ಮಂಟನ್ನಿನಿಂದ ತಜ್ಞೆಯೊಬ್ಬಳು ಬರುತ್ತಾಳೆ, ವಸ್ತ್ರವನ್ನು ಪ್ರದರ್ಶನಕ್ಕೆ ಒಯ್ಯಲು. ಅವಳು ದೀಪ ಹಿಡಿದರೆ ಸಾಕು, ಹೊಸ ನೂಲು ಒಂದೇ ನಿಮಿಷದಲ್ಲಿ ಬಾಯಿಬಿಡುತ್ತದೆ. ಪೆಟ್ಟಿಗೆಗೆ ಇರುವುದು ಎರಡು ಕೀಲಿ. ಒಂದು ಮ್ಯಾನೇಜರ್ ಕ್ಲಿಫರ್ಡ್‌ನ ತಿಜೋರಿಯಲ್ಲಿ, ಅರಗಿನ ಮುದ್ರೆಯೊಳಗೆ. ಇನ್ನೊಂದು ಲೆಸ್ಯಾಳ ಕತ್ತಿನಲ್ಲಿ, ದಾರಕ್ಕೆ ಪೋಣಿಸಿ, ಹಗಲೂ ರಾತ್ರಿ.

ಐದು ವರ್ಷ ವಿಮೆ ಕಂಪನಿಯೊಂದರಲ್ಲಿ ಸುಳ್ಳು ಬೆಂಕಿ, ಸುಳ್ಳು ಕಳವು ಹಿಡಿದವಳು ಲೆಸ್ಯಾ. ಈ ಲೆಕ್ಕ ಅವಳಿಗೆ ಚೆನ್ನಾಗಿ ಬರುತ್ತಿತ್ತು. ಬೇರೆಯವರ ಕಡತವಾಗಿದ್ದರೆ ತಾನೇ ಬರೆಯುತ್ತಿದ್ದಳು: ಕಳ್ಳಿ ಒಬ್ಬಳೇ, ಹೆಸರು ಲೆಸ್ಯಾ.

ಐದು ಗಂಟೆಗೆ ಮ್ಯೂಸಿಯಮ್ಮಿನ ಗೇಟು ಮುಚ್ಚುತ್ತದೆ. ಈಗ ಹನ್ನೊಂದು.

ಪೆಟ್ಟಿಗೆ ಮುಚ್ಚಲು ಹೋದರೆ ಕೀಲಿ ಸಿಕ್ಕಿಕೊಂಡಿತು. ಹಲ್ಲಿನ ಸಂದಿನಲ್ಲಿ ಏನೋ ಕಂದುಬಣ್ಣದ್ದು ಒಣಗಿ ಕೂತಿತ್ತು. ಹೇರ್‌ಪಿನ್ನಿನಿಂದ ಕೆದಕಿ ಮೂಸಿ ನೋಡಿದಳು. ಹುದುಗಿದ ರೈ ಧಾನ್ಯದ ಹುಳಿ ವಾಸನೆ.

ರೈ ಹಿಟ್ಟು. ಯಾರೋ ಅವಳ ಕೀಲಿಯನ್ನು ಹಿಟ್ಟಿನುಂಡೆಗೆ ಒತ್ತಿ ಅಚ್ಚು ತೆಗೆದಿದ್ದಾರೆ.

ಕತ್ತಿನಿಂದ ಒಂದು ಸಲವೂ ಇಳಿಸದ ಕೀಲಿಯನ್ನು.

*

ಅಚ್ಚು ಇದ್ದರೆ ಸಾಲದು, ಕಬ್ಬಿಣ ಬಡಿಯುವವನು ಬೇಕು. ಝೊರಿಯಾನಾದಲ್ಲಿ ಆ ಕೆಲಸಕ್ಕಿರುವುದು ಯುಸ್ತಿನ್ ಒಬ್ಬನೇ. ತೊಗಲಿನ ಏಪ್ರನ್, ಪೊರಕೆ ಮೀಸೆ, ಬಾಯಿ ಮಾತ್ರ ತಿದಿಗಿಂತ ಜೋರು.

ಕುಲುಮೆಯ ಮುಂದೆ ಕ್ಯಾಲ್ಗರಿಯ ನಿವೃತ್ತರ ತಂಡ ನೆರೆದಿತ್ತು. ಇದೇ ತೊಂದರೆ. ಝೊರಿಯಾನಾದಲ್ಲಿ ದಿನವೂ ೧೯೧೧ನೇ ಇಸವಿ ಆಗಸ್ಟ್ ಮೂರು. ನೌಕರರೆಲ್ಲ ಆ ಕಾಲದ ಊರವರ ವೇಷದಲ್ಲಿರುತ್ತಾರೆ, ಪ್ರವಾಸಿಗಳ ಎದುರು ಯಾರೂ ವೇಷ ಬಿಟ್ಟು ಮಾತಾಡುವಂತಿಲ್ಲ. ಮೂರು ಸಲ ತಪ್ಪಿದರೆ ಟಿಕೆಟ್ ಕಿಟಕಿಗೆ ವರ್ಗ. ಲೆಸ್ಯಾ ಇಲ್ಲಿ ಶಾಲೆಯ ಟೀಚರಮ್ಮ. ತನಿಖೆಯೂ ಟೀಚರಮ್ಮನಾಗಿಯೇ ನಡೆಯಬೇಕು.

"ಯುಸ್ತಿನ್ ಯಜಮಾನ್ರೆ, ಈ ಬೇಸಿಗೇಲಿ ಕೀಲಿ ಏನಾದ್ರೂ ಮಾಡಿದ್ರಾ?"

"ಟೀಚರಮ್ಮ, ನಾನು ಕುದುರೆಗೆ ಲಾಳ ಹೊಡಿಯೋನು. ನಮ್ಮೂರ ಕುದುರೆಗಳು ಇನ್ನೂ ಬೀಗ ಹಾಕ್ಕೊಂಡು ಮಲಗೋ ಮಟ್ಟಕ್ಕೆ ಬಂದಿಲ್ಲ."

ಕ್ಯಾಲ್ಗರಿ ನಕ್ಕಿತು.

"ಹಿಟ್ಟಿನ ಅಚ್ಚಿನಿಂದ ಮಾಡೋ ಕೀಲಿ."

ಯುಸ್ತಿನ್ನನ ಸುತ್ತಿಗೆ ಗಾಳಿಯಲ್ಲೇ ನಿಂತಿತು. ಅರ್ಧ ಕ್ಷಣ. ಆಮೇಲೆ ಇಳಿಯಿತು, ಆದರೆ ಲಾಳದ ಮೇಲಲ್ಲ, ಪಕ್ಕಕ್ಕೆ. ಇಪ್ಪತ್ತು ವರ್ಷ ಬಡಿದ ಕೈ ಗುರಿ ತಪ್ಪುವುದೆಂದರೆ ಅದೇ ಒಂದು ಹೇಳಿಕೆ.

ತಂಡ ಗಿರಣಿಯ ಕಡೆಗೆ ಸರಿದ ಮೇಲೆ ಅವನು ಸುತ್ತಿಗೆ ಕೆಳಗಿಟ್ಟ.

"ನಿಂಗ್ಯಾರು ಹೇಳಿದ್ರು?"

"ಕೀಲಿನೇ ಹೇಳ್ತು. ಯಾರಿಗೆ ಮಾಡಿಕೊಟ್ಟೆ?"

"ಗೊತ್ತಿಲ್ಲ ಮಾರಾಯ್ತಿ, ನಿಜವಾಗ್ಲೂ. ಹದಿನೈದು ದಿನದ ಹಿಂದೆ ಕಬ್ಬಿಣ ಬಡಿಯೋ ಅಡೆಗಲ್ಲಿನ ಮೇಲೆ ಒಂದು ಡಬ್ಬಿ ಇತ್ತು. ಒಳಗೆ ಹಿಟ್ಟಿನ ಅಚ್ಚು. ಪಕ್ಕದಲ್ಲಿ ಅಣಬೆ ಉಪ್ಪಿನಕಾಯಿ ಒಂದು ಜಾಡಿ. 'ಕಪಾಟಿನ ಕೀಲಿ ಕಳೆದಿದೆ, ಮಾಡಿಡು' ಅಂತ ಚೀಟಿ. ಮಾಡಿಟ್ಟೆ. ಮಾರನೇ ದಿನ ಕೀಲಿ ಇರಲಿಲ್ಲ."

"ಚೀಟಿ ಎಲ್ಲಿ?"

"ಬೆಂಕೀಗೆ ಹಾಕ್ದೆ. ಕಮ್ಮಾರನ ಹತ್ರ ಫೈಲ್ ಕೇಳ್ತೀಯಲ್ಲ, ನೀನು ಟೀಚರ್ ವೇಷ ಹಾಕ್ಕೊಂಡಿದ್ದು ಸಾರ್ಥಕ."

"ಅಣಬೆ?"

"ಅದನ್ನ ಬೆಂಕೀಗೆ ಹಾಕೋಕೆ ನಾನೇನು ಹುಚ್ಚನಾ."

ಅವನು ನಗಿಸಲು ನೋಡಿದ. ಲೆಸ್ಯಾ ನಗಲಿಲ್ಲ. ಅವನ ಮಾತನ್ನು ನಂಬಿದಳೋ, ಇಲ್ಲವೋ, ಅವಳಿಗೇ ತಿಳಿಯಲಿಲ್ಲ. ಕೀಲಿ ಮಾಡಿದವನೇ ಕಳ್ಳನಾಗಿದ್ದರೆ ಇಂಥ ಕಥೆಯನ್ನೇ ಕಟ್ಟುತ್ತಾನೆ.

ಕ್ಲಿಫರ್ಡ್ ಎತ್ತರದ ಟೋಪಿ ಹಾಕಿಕೊಂಡು ಕುದುರೆ ಗಾಡಿಯ ಮೇಲೆ ಊರೆಲ್ಲ ಸುತ್ತುತ್ತಿದ್ದ. ಟೋಪಿಯೊಳಗೆ ವೈರ್‌ಲೆಸ್ ಇಟ್ಟುಕೊಳ್ಳುವುದರಿಂದ ಅವನ ತಲೆಯಿಂದ ಆಗಾಗ ಕರಕರ ಸದ್ದು ಬರುತ್ತಿತ್ತು. ಗಾಡಿ ನಿಲ್ಲಿಸಿ ಅವಳ ಕಡೆ ಬಗ್ಗಿದ.

"ಪೆಟ್ಟಿಗೆ ರೆಡಿನಾ ಲೆಸ್ಯಾ? ನಾಳೆ ಒಂಬತ್ತಕ್ಕೆ."

"ನಿಮ್ ಕೀಲಿ ಎಲ್ಲಿದೆ ಸರ್?"

"ತಿಜೋರೀಲಿ. ಮುದ್ರೆ ಒಡೆದಿಲ್ಲ, ಬೇಕಾದ್ರೆ ಬಂದು ನೋಡು. ಯಾಕೆ?" ಅವನ ಕಣ್ಣು ಸಣ್ಣಗಾಯಿತು. "ನೋಡು, ಕಳಿಸೋ ಫಾರ್ಮಿನ ಮೇಲಿರೋದು ನಿನ್ ಸಹಿ. ಒಂದು ನೂಲು ಹೆಚ್ಚುಕಮ್ಮಿ ಆದ್ರೂ ನಾನು ನಿನ್ನೇ ತೋರಿಸೋದು. ಮೊದ್ಲೇ ಹೇಳಿದೀನಿ."

ಮೊದಲೇ ಹೇಳಿಟ್ಟುಕೊಳ್ಳುವವನ ಮೇಲೆ ಅನುಮಾನ ಪಡಬೇಕು ಎಂದು ವಿಮೆ ಕಂಪನಿಯಲ್ಲಿ ಕಲಿಸಿದ್ದರು. ಅವಳು ಮನಸ್ಸಿನಲ್ಲೇ ಗುರುತು ಹಾಕಿಕೊಂಡಳು.

*

ಮಧ್ಯಾಹ್ನ ಕಾಲು ತಾನಾಗಿಯೇ ಮಣ್ಣಿನ ಒಲೆಯ ಕಡೆ ನಡೆಯಿತು. ಮನಸ್ಸು ಕೆಟ್ಟಾಗಲೆಲ್ಲ ಅದು ಅಲ್ಲಿಗೇ ನಡೆಯುವುದು.

ಒಲೆಯ ಮುಂದೆ ಪರಾಸ್ಕಾ ತೇತಾ ಹಿಟ್ಟು ನಾದುತ್ತಿದ್ದಳು. ತೇತಾ ಎಂದರೆ ಚಿಕ್ಕಮ್ಮ. ರಕ್ತಸಂಬಂಧವೇನೂ ಇಲ್ಲ, ಅಮ್ಮನ ಗೆಳತಿ. ಲೆಸ್ಯಾಳ ಒಂಬತ್ತನೇ ವಯಸ್ಸಿಗೆ ಅಮ್ಮ ತೀರಿಕೊಂಡಾಗ ಸೂಟ್‌ಕೇಸ್ ಸಮೇತ ಅವಳನ್ನು ಮನೆಗೆ ಕರೆದುಕೊಂಡು ಹೋದವಳು. ಈಗ ಬೇರೆ ಬೇರೆ ಮನೆ. ಆದರೂ ಬೆಳಿಗ್ಗೆ ವೇಷದ ಕೋಣೆಯಲ್ಲಿ ಲೆಸ್ಯಾಳ ಎರಡು ಜಡೆ ಹೆಣೆಯುವುದು ಇಂದಿಗೂ ಇವಳ ಕೈಯೇ. ದಿನದಲ್ಲಿ ಆ ಐದು ನಿಮಿಷ ಲೆಸ್ಯಾ ಕಣ್ಣು ಮುಚ್ಚಿಕೊಂಡು ಒಂಬತ್ತು ವರ್ಷದವಳಾಗುತ್ತಿದ್ದಳು.

ಸೂಜಿ ಹಿಡಿಯುವುದನ್ನು ಕಲಿಸಿದವಳೂ ತೇತಾನೇ. ತಪ್ಪು ಹೊಲಿಗೆ ಕಂಡರೆ ಅವಳಿಗೆ ಊಟ ಸೇರುತ್ತಿರಲಿಲ್ಲ. "ಬಿಚ್ಚು. ಮೊದ್ಲಿಂದ." ಚಿಕ್ಕ ಲೆಸ್ಯಾ ಅಳುತ್ತ ಬಿಚ್ಚುತ್ತಿದ್ದಳು.

ಇಡೀ ಸೀಮೆಯಲ್ಲಿ ಅಷ್ಟು ಸಣ್ಣ ಕಸೂತಿ ಹಾಕುವ ಕೈಗಳು ಎರಡೇ ಜೊತೆ. ಒಂದು ಲೆಸ್ಯಾಳದು. ಇನ್ನೊಂದು ಜೊತೆಯ ಬಗ್ಗೆ ಅವಳು ಯೋಚಿಸಲಿಲ್ಲ. ಯೋಚಿಸಬಾರದು ಎಂದು ಗಟ್ಟಿಯಾಗಿ ಯೋಚಿಸಿದಳು.

"ಟೀಚರಮ್ಮ, ಮುಖ ಬಾಡಿದೆ. ಊಟ ಆಯ್ತಾ?"

ಪಕ್ಕದಲ್ಲಿ ಇಬ್ಬರು ಪ್ರವಾಸಿಗಳಿದ್ದರು, ಹಾಗಾಗಿ ಟೀಚರಮ್ಮ. ಹನ್ನೊಂದು ವರ್ಷದಲ್ಲಿ ತೇತಾ ಒಂದು ಸಲವೂ ವೇಷ ಬಿಟ್ಟವಳಲ್ಲ. ಒಮ್ಮೆ ಜೇನುಹುಳ ತುಟಿಗೇ ಕಚ್ಚಿದಾಗ, ಬಾತುಕೊಂಡ ಬಾಯಲ್ಲೇ, "ಈ ವರ್ಷ ಹುಳ ಚೆನ್ನಾಗಿ ಬಲಿತಿದೆ, ಜೇನು ಜಾಸ್ತಿ ಬರುತ್ತೆ" ಎಂದಿದ್ದಳು. ಪ್ರವಾಸಿಗಳು ಚಪ್ಪಾಳೆ ಹೊಡೆದಿದ್ದರು.

"ಆಗುತ್ತೆ, ತೇತಾ."

"ಆಗುತ್ತೆ ಅಂದ್ರೆ ಆಗಿಲ್ಲ ಅಂತ." ಬಿಸಿ ರೊಟ್ಟಿ ಮುರಿದು, ಬೆಣ್ಣೆ ಸವರಿ ಅವಳ ಕೈಗಿಟ್ಟಳು. "ನಾಳೆ ಪಟ್ಟಣದಿಂದ ಯಾರೋ ಬರ್ತಾರಂತಲ್ಲ. ಬರೋರು ಬರ್ಲಿ. ನೀನು ತಿನ್ನು."

ಎಲ್ಲವನ್ನೂ ಹೇಳಿಬಿಡಬೇಕು ಎನಿಸಿತು. ಬಾಯಿ ತುಂಬ ರೊಟ್ಟಿಯಿತ್ತು. ರೊಟ್ಟಿ ಹುಳಿಯಾಗಿತ್ತು.

ಹುಳಿ ರೈ ಹಿಟ್ಟು.

ಊರವರೆಲ್ಲ ತಿನ್ನುವುದು ಇದೇ ಹಿಟ್ಟು, ಯಾರು ಬೇಕಾದರೂ ಒಂದುಂಡೆ ಕದಿಯಬಹುದು ಎಂದು ತನಗೆ ತಾನೇ ಹೇಳಿಕೊಂಡು ನುಂಗಿದಳು.

ನುಂಗಿ, ಒಲೆಯ ಕೆಂಡ ನೋಡುತ್ತ ನಿಂತವಳಿಗೆ ಉಪಾಯ ಹೊಳೆಯಿತು.

ವಸ್ತ್ರ ನಕಲಿ ಎಂದು ಗೊತ್ತಿರುವುದು ಇಬ್ಬರಿಗೆ ಮಾತ್ರ. ಅವಳಿಗೆ, ಮತ್ತೆ ಕದ್ದವರಿಗೆ. ಉಳಿದವರ ಪಾಲಿಗೆ ಅದು ಇನ್ನೂ ಅಸಲಿ. ಎಲ್ಲರೆದುರು ಅದನ್ನು ಬೆಂಕಿಗೆ ಹಿಡಿದರೆ ಉಳಿದವರು ಓಡಿ ಬಂದು ತಡೆಯುತ್ತಾರೆ. ಕದ್ದವರಿಗೆ ಓಡುವ ಅವಸರ ಏನಿದೆ?

ಮೂರು ಎಣಿಸುವಷ್ಟು ಹೊತ್ತು ಸಾಕು. ಮೂರಕ್ಕೆ ಹೊರಗೆ ಎಳೆದುಕೊಂಡರಾಯಿತು. ನಕಲೂ ಉಳಿಯುತ್ತದೆ, ಕಳ್ಳನೂ ಸಿಗುತ್ತಾನೆ. ಒಂದೇ ಟೇಕಿಗೆ ಓಕೆ.

*

ನಾಲ್ಕೂವರೆಗೆ ದಿನದ ಕೊನೆಯ ಆಟ: ಒಲೆಯಿಂದ ರೊಟ್ಟಿ ತೆಗೆಯುವುದು. ಊರಿಗೆ ಊರೇ ಸೇರುತ್ತದೆ. ಕ್ಲಿಫರ್ಡ್ ಗಾಡಿ ತಂದು ನಿಲ್ಲಿಸಿದ. ಯುಸ್ತಿನ್ ಇಕ್ಕಳ ಹಿಡಿದೇ ಬಂದ. ತೇತಾ ಮೇಜಿನ ಮೇಲೆ ಕೊನೆಯ ಉಂಡೆಗಳನ್ನು ತಟ್ಟುತ್ತಿದ್ದಳು. ನೂರು ಫೋನುಗಳು ಮೇಲೆದ್ದವು.

ಲೆಸ್ಯಾ ಗುಂಪಿನ ನಡುವೆ ಬಂದು ವಸ್ತ್ರವನ್ನು ಎರಡು ಕೈಯಲ್ಲಿ ಬಿಚ್ಚಿ ಹಿಡಿದಳು. ಕೆಂಪು ಹಕ್ಕಿಗಳು ಗಾಳಿಗೆ ಅಲುಗಿದವು.

"ಊರಿನವರೇ, ಕೇಳಿ. ಇದು ನನ್ ಮುತ್ತಜ್ಜಿ ಯೆವ್ದೋಕಿಯಾ ತಂದ ಮದುವೆ ವಸ್ತ್ರ. ಇದಕ್ಕೆ ಕೆಟ್ಟ ಕಣ್ಣು ಬಿದ್ದಿದೆ. ಹಾಕಿದೋರು ಇಲ್ಲೇ, ನಮ್ ಮಧ್ಯೆನೇ ನಿಂತಿದ್ದಾರೆ. ಕಣ್ಣು ಬಿದ್ದ ಬಟ್ಟೆ ನಂಗೆ ಬೇಡ."

ಇಂಥ ಡೈಲಾಗು ಆಟದಲ್ಲಿರಲಿಲ್ಲ. ಕ್ಲಿಫರ್ಡ್‌ನ ನಗು ಮುಖದ ಮೇಲೆಯೇ ಒಣಗಿತು.

ರೊಟ್ಟಿ ದೂಡುವ ಉದ್ದ ಹಿಡಿಯ ಹಲಗೆಯ ಮೇಲೆ ವಸ್ತ್ರವನ್ನಿಟ್ಟು ಅವಳು ಒಲೆಯ ಬಾಯಿಗೆ ನೂಕಿದಳು.

ಒಂದು.

"ಲೆಸ್ಯಾ, ಬೇಡ," ಎನ್ನುತ್ತ ಕ್ಲಿಫರ್ಡ್ ಗಾಡಿಯಿಂದ ಧುಮುಕಿದ. ಟೋಪಿ ಉರುಳಿತು, ವೈರ್‌ಲೆಸ್ ಹುಲ್ಲಿಗೆ ಬಿದ್ದು ಕರಕರ ಎಂದಿತು. ೧೯೧೧ ಅಲ್ಲಿಗೇ ಮುಗಿಯಿತು.

ಎರಡು.

ಯುಸ್ತಿನ್ ಇಬ್ಬರು ಪ್ರವಾಸಿಗಳನ್ನು ತಳ್ಳಿಕೊಂಡು ಇಕ್ಕಳ ಚಾಚಿ ಓಡಿ ಬಂದ. ಮೀಸೆಯೊಳಗಿನ ಬಾಯಿ ತೆರೆದೇ ಇತ್ತು.

ಲೆಸ್ಯಾ ಮೇಜಿನ ಕಡೆ ತಿರುಗಿದಳು.

ತಟ್ಟು, ತಿರುಗಿಸು. ತಟ್ಟು, ತಿರುಗಿಸು. ಆ ಎರಡು ಕೈಗಳು ಒಂದು ತಾಳವನ್ನೂ ತಪ್ಪಿರಲಿಲ್ಲ. ತೇತಾ ತಲೆಯೆತ್ತಿ ಒಲೆಯ ಬಾಯಿ ನೋಡಿದಳು, ರೊಟ್ಟಿ ಬೆಂದಿತೇ ಎಂದು ನೋಡುವ ಹಾಗೆ. ಮತ್ತೆ ಹಿಟ್ಟಿಗೆ ಬಗ್ಗಿದಳು.

ಬೆಳಗಿನ ವೇಷದ ಕೋಣೆ ಲೆಸ್ಯಾಳ ಕಣ್ಣ ಮುಂದೆ ಬಂತು. "ದಾರ ಜಡೆಗೆ ಅಡ್ಡ ಬರುತ್ತೆ ಮಗಳೆ," ಎಂದು ಕತ್ತಿನ ದಾರವನ್ನು ಹಿಂದಕ್ಕೆ ಎಳೆದುಕೊಳ್ಳುವ ಕೈ. ಹಿಟ್ಟಿನ ವಾಸನೆಯ ಕೈ. ದಾರದ ತುದಿಯಲ್ಲಿ ಕೀಲಿ. ಅವಳ ಮುಚ್ಚಿದ ಕಣ್ಣು.

ಮೂರು ಬರಲೇ ಇಲ್ಲ.

ಅವಳ ಕೈ ಹಿಡಿಯ ಮೇಲೆಯೇ ಕಲ್ಲಾಗಿತ್ತು. ವಸ್ತ್ರದ ಅಂಚು ಹತ್ತಿಕೊಂಡಿತು. ಯುಸ್ತಿನ್ನನ ಇಕ್ಕಳ ತಲುಪುವ ಮೊದಲೇ ತೇತಾ ಕೈ ಒರೆಸಿಕೊಂಡು ಬಂದಳು, ಅವಸರವಿಲ್ಲದೆ. ಲೆಸ್ಯಾಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಹಲಗೆಯನ್ನು ಎಳೆದುಕೊಂಡಳು. ಬರಿಯ ಹಲಗೆ ಬಂತು. ಒಲೆಯ ಮರದ ಬಾಗಿಲನ್ನು ಎತ್ತಿ ಬಾಯಿಗೆ ಮುಚ್ಚಿ, ಅದಕ್ಕೆ ಬೆನ್ನು ಕೊಟ್ಟು ನಿಂತಳು.

ಪ್ರವಾಸಿಗಳು ಜೋರಾಗಿ ಚಪ್ಪಾಳೆ ತಟ್ಟಿದರು. ಯಾರೋ ಶಿಳ್ಳೆ ಹೊಡೆದರು. ಇಷ್ಟು ಚೆನ್ನಾದ ಆಟ ಅವರು ಬೇರೆ ಯಾವ ಮ್ಯೂಸಿಯಮ್ಮಿನಲ್ಲೂ ನೋಡಿರಲಿಲ್ಲ.

ಆ ಸದ್ದಿನ ಮರೆಯಲ್ಲಿ ತೇತಾ ಮೆಲ್ಲಗೆ ಕರೆದಳು.

"ಲೆಸ್ಯಾ."

ಹನ್ನೊಂದು ವರ್ಷದಲ್ಲಿ ಮೊದಲ ಸಲ, ಜನರೆದುರು, ನಿಜವಾದ ಹೆಸರು.

"ನಕಲಿ ಅಂತ ನಿಂಗೆ ಗೊತ್ತಿತ್ತು," ಎಂದಳು ಲೆಸ್ಯಾ. ಧ್ವನಿ ಬೇರೆ ಯಾರದ್ದೋ ಇದ್ದಂತಿತ್ತು.

"ನಂಗೆ ಗೊತ್ತಿತ್ತು, ನಿಂಗೆ ಗೊತ್ತಿತ್ತು. ಇನ್ಯಾರಿಗೆ ಗೊತ್ತು ಹೇಳು? ಇಷ್ಟು ಜನ ನೋಡಿದ್ದು ಏನು? ಟೀಚರಮ್ಮ ಅಸಲಿ ವಸ್ತ್ರನೇ ಸುಟ್ಲು. ಎಲ್ರ ಫೋನಲ್ಲೂ ಇದೆ."

"ಯಾಕೆ ತೇತಾ?"

"ಹಡಗಲ್ಲಿ ಸೂಜಿ ಹಿಡಿದಿದ್ದು ಯೆವ್ದೋಕಿಯಾ ಅಲ್ಲ. ಅವಳ ಮಗ್ಗುಲಲ್ಲಿ ಮಲಗ್ತಿದ್ದ ನನ್ ಮುತ್ತಜ್ಜಿ. ಎರಡು ಬೆರಳಿನ ಕಥೆ ನಮ್ಮನೇಲೂ ಇತ್ತು, ನಾನೇ ನಂಬಿರಲಿಲ್ಲ. ನಕಲು ಹೊಲಿದಾದ ಮೇಲೆ, ಗಾಜಿನ ಪೆಟ್ಟಿಗೆ ತೆಗೆದ ದಿನ, ಮಡಿಕೆ ಬಿಚ್ಚಿ ಕಣ್ಣಾರೆ ನೋಡ್ದೆ." ತೇತಾಳ ತುಟಿ ಮಾತ್ರ ಅಲ್ಲಾಡುತ್ತಿತ್ತು. "ನೂಲು ಮುಗೀಲಿಲ್ಲ ಕಣೇ. ಹೊಲಿಯೋಳು ಮುಗಿದಳು. ಜ್ವರ. ಪುಟ್ಟ ಮಗಳನ್ನ ಬಿಟ್ಟು, ದಡ ಕಾಣೋ ಮೊದ್ಲೇ ಹೋದ್ಳು. ವಸ್ತ್ರ ನಿಮ್ ಪೆಟ್ಟಿಗೇಲಿ ಇಳೀತು, ಹೆಸರೂ ನಿಮ್ದಾಯ್ತು."

"ಕೇಳಬಹುದಿತ್ತು."

"ನಿಮ್ಮಮ್ಮನ್ನ ಕೇಳ್ದೆ. ನಕ್ಕಳು." ಅವಳು ಉಸಿರು ಎಳೆದುಕೊಂಡಳು. "ನಾನು ಕದ್ದಿಲ್ಲ. ವಾಪಸ್ ತಗೊಂಡೆ."

"ಹಾಗಾದ್ರೆ ನಾನು? ನಾನೇನು ಮಾಡಿದ್ದೆ? ನಾಳೆ ಸಿಕ್ಕಿಬೀಳೋಳು ನಾನೇ ಅಂತ ನಿಂಗೆ ಗೊತ್ತಿರಲಿಲ್ವಾ?"

ತೇತಾ ಮೊದಲ ಸಲ ಅವಳ ಕಣ್ಣು ತಪ್ಪಿಸಿದಳು. ಕೈಯೆತ್ತಿ ಲೆಸ್ಯಾಳ ಜಡೆಯಿಂದ ಕಳಚಿದ ಒಂದೆಳೆ ಕೂದಲನ್ನು ಕಿವಿಯ ಹಿಂದೆ ಸಿಕ್ಕಿಸಿದಳು. ಇಪ್ಪತ್ತೆರಡು ವರ್ಷದ ಅಭ್ಯಾಸ.

"ತಪ್ಪು ಹೊಲಿಗೆ ಬಿಚ್ಚುವಾಗ ಪಕ್ಕದ ನೂಲೂ ಕಿತ್ತು ಬರುತ್ತೆ, ಮಗಳೆ."

ಕ್ಲಿಫರ್ಡ್ ಏದುಸಿರು ಬಿಡುತ್ತ ಬಂದು ನಿಂತ. ಟೋಪಿ ಇಲ್ಲದ ಅವನ ತಲೆ ತುಂಬ ಚಿಕ್ಕದಾಗಿ ಕಂಡಿತು. "ಏನ್ ಸುಟ್ಟೆ? ಲೆಸ್ಯಾ, ನಿಜ ಹೇಳು, ಏನ್ ಸುಟ್ಟೆ?"

ಲೆಸ್ಯಾ ಬಾಯಿ ತೆರೆಯುವ ಮೊದಲೇ ತೇತಾಳ ಕಣ್ಣಿನಿಂದ ನೀರು ಇಳಿಯಿತು. ನಿಜವಾದ ನೀರೇ. "ಕೈ ಬಿಡು ಮಗಳೆ ಅಂದೆ, ಸ್ವಾಮಿ. ಬಿಡಲಿಲ್ಲ. ನಾಳೆ ತಗೊಂಡು ಹೋಗ್ತಾರೆ ಅಂತ ಮೂರು ದಿನದಿಂದ ಸರಿಯಾಗಿ ತಿಂದಿಲ್ಲ ಇವಳು. ನಾನು ಗಮನಿಸಬೇಕಿತ್ತು."

"ಅದು ನಕಲಿ ಸರ್. ಹಕ್ಕಿಗೆ ಮೂರು ಬೆರಳಿತ್ತು."

ಈ ಮಾತು ಎಷ್ಟು ಹುಚ್ಚಾಗಿ ಕೇಳಿಸಿತು ಎಂದು ಆಡಿದ ಮೇಲೆ ಅವಳಿಗೇ ಅರ್ಥವಾಯಿತು. ಯುಸ್ತಿನ್ ಇಕ್ಕಳ ಇಳಿಸಿ ಒಮ್ಮೆ ಅವಳ ಕಡೆ, ಒಮ್ಮೆ ತೇತಾಳ ಕಡೆ ನೋಡಿದ. ಏನೋ ಹೇಳಲು ಹೊರಟವನಂತೆ ಮೀಸೆ ಅಲುಗಿತು. ಕೀಲಿ ಮಾಡಿದವನು ತಾನೇ ಎಂದು ನೆನಪಾಗಿರಬೇಕು, ಮೀಸೆ ನಿಂತಿತು.

"ಕೀಲಿ ಕೊಡು," ಎಂದ ಕ್ಲಿಫರ್ಡ್. ಹುಲ್ಲಿನಿಂದ ವೈರ್‌ಲೆಸ್ ಎತ್ತಿಕೊಂಡು ಕಚೇರಿಗೆ ಹೇಳಿದ, ಪೊಲೀಸರನ್ನು ಕರೆಯಿರಿ ಎಂದು.

ಲೆಸ್ಯಾ ದಾರವನ್ನು ತಲೆಯ ಮೇಲಿಂದ ತೆಗೆದಳು. ಜಡೆಗೆ ಸಿಕ್ಕಿಕೊಂಡಿತು. ಇವತ್ತು ಬಿಡಿಸಲು ಯಾರೂ ಬರಲಿಲ್ಲ.

ಐದರ ಗಂಟೆ ಹೊಡೆಯಿತು. ದಿನವೂ ಹೊಡೆಯುವ ಹಾಗೆ, ದಿನವೂ ಮಾಡುವ ಹಾಗೆ, ತೇತಾ ಉಳಿದ ರೊಟ್ಟಿಗಳ ಬುಟ್ಟಿಯನ್ನು ತೋಳಿಗೇರಿಸಿಕೊಂಡಳು. ಗೇಟಿನ ಕಾವಲುಗಾರ ದಿನವೂ ಒಂದು ತುಂಡು ತಿಂದು ಅವಳನ್ನು ಬಿಡುತ್ತಾನೆ. ಹನ್ನೊಂದು ವರ್ಷದಲ್ಲಿ ಆ ಬುಟ್ಟಿಯ ತಳ ನೋಡಿದವರಿಲ್ಲ.

ಬಯಲಿನ ಗಾಳಿ ಬೀಸಿತು. ರೊಟ್ಟಿಗೆ ಹೊದಿಸಿದ್ದ ಬಿಳಿಬಟ್ಟೆ ಒಂದಂಗುಲ ಮೇಲೆದ್ದಿತು. ಅದರಡಿಯಿಂದ ಮಾಸಲು ಕೆಂಪಿನ ಒಂದು ಕಾಲು ಹೊರಗೆ ಇಣುಕಿತು.

ಒಂದು, ಎರಡು. ಅಷ್ಟೇ.

"ಬುಟ್ಟಿ," ಎಂದಳು ಲೆಸ್ಯಾ. "ಸರ್, ಅವಳ ಬುಟ್ಟಿ ನೋಡಿ. ಒಂದು ಸಲ ನೋಡಿ ಸಾಕು."

"ಸಾಕು ಮಾಡು ಲೆಸ್ಯಾ." ಕ್ಲಿಫರ್ಡ್ ಅವಳ ತೋಳು ಹಿಡಿದ. "ನಿನ್ನ ಸಾಕಿದ ಹೆಂಗಸು ಅದು. ನಾಚಿಕೆ ಆಗಲ್ವಾ ನಿಂಗೆ?"

ಗೇಟಿನಲ್ಲಿ ಕಾವಲುಗಾರ ರೊಟ್ಟಿ ಕಚ್ಚುತ್ತ ಅಗುಳಿ ಎತ್ತಿದ. ತೇತಾ ಬಟ್ಟೆಯ ಅಂಚನ್ನು ಒಳಗೆ ಸಿಕ್ಕಿಸಿ, ತಿರುಗಿ ನೋಡಿದಳು. ಪ್ರವಾಸಿಗಳು ಇನ್ನೂ ಇದ್ದರು, ಹಾಗಾಗಿ ಮತ್ತೆ ೧೯೧೧ ಆಗಿತ್ತು.

"ಟೀಚರಮ್ಮ," ಎಂದು ಕೂಗಿ ಹೇಳಿದಳು, "ನಾಳೆ ಬೇಗ ಬನ್ನಿ. ಜಡೆ ಹಾಕ್ತೀನಿ."